ಜೀವಕೋಶಕ್ಕಿಂತ ಅದರ ಹೊರಗಿನದೇ ಹೆಚ್ಚು: ಸಂಯೋಜಕ ಅಂಗಾಂಶದ ಒಳಹೊರಗು

ರಕ್ತ, ಮೂಳೆ, ಕೊಬ್ಬು. ಇವು ಮೂರೂ ಒಂದೇ ಗುಂಪಿಗೆ ಸೇರಿದವು ಎಂದರೆ ಯಾರಿಗಾದರೂ ವಿಚಿತ್ರ ಅನಿಸುತ್ತದೆ. ಒಂದು ಹರಿಯುತ್ತದೆ, ಒಂದು ಕಲ್ಲಿನಷ್ಟು ಗಟ್ಟಿ, ಇನ್ನೊಂದು ಮೆತ್ತಗೆ. ಆದರೂ ಜೀವಶಾಸ್ತ್ರದ ಪಠ್ಯಪುಸ್ತಕಗಳು ಇವನ್ನೆಲ್ಲ ಸಂಯೋಜಕ ಅಂಗಾಂಶ ಎಂಬ ಒಂದೇ ತಲೆಬರಹದಡಿ ಇಡುತ್ತವೆ. ಮೃದ್ವಸ್ಥಿ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಒಳಚರ್ಮ, ಅಂಗಾಂಗಗಳ ಸುತ್ತಲಿನ ತೆಳುಪೊರೆಗಳು, ಎಲ್ಲವೂ ಅದೇ ಪಟ್ಟಿಯಲ್ಲಿವೆ. ಪರೀಕ್ಷೆಗೆ ಓದುವವರು ಪಟ್ಟಿಯನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಇಷ್ಟೊಂದು ಬೇರೆಬೇರೆ ವಸ್ತುಗಳನ್ನು ಒಟ್ಟಿಗೆ ಇಟ್ಟಿದ್ದಾದರೂ ಯಾಕೆ ಎಂಬ ಪ್ರಶ್ನೆ ಹಾಗೇ ಉಳಿದುಬಿಡುತ್ತದೆ.

ಉತ್ತರ ಸೂಕ್ಷ್ಮದರ್ಶಕದಡಿ ಸಿಗುತ್ತದೆ. ಕರುಳಿನ ಒಳಪದರವನ್ನೋ ಸ್ನಾಯುವನ್ನೋ ನೋಡಿದರೆ ಜೀವಕೋಶಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ, ನಡುವೆ ಜಾಗವೇ ಇರುವುದಿಲ್ಲ. ಸ್ನಾಯುರಜ್ಜುವಿನ ತೆಳುಹೋಳು ನೋಡಿದರೆ ಚಿತ್ರವೇ ಬೇರೆ. ಅಲ್ಲೊಂದು ಇಲ್ಲೊಂದು ಜೀವಕೋಶ, ಉಳಿದದ್ದೆಲ್ಲ ನಾರು. ಆ ನಾರು ಜೀವಕೋಶವಲ್ಲ, ಜೀವಕೋಶದ ಭಾಗವೂ ಅಲ್ಲ. ಜೀವಕೋಶ ತಯಾರಿಸಿ ತನ್ನ ಹೊರಗೆ ಬಿಟ್ಟ ವಸ್ತು ಅದು. ಹೀಗೆ ಕೋಶಗಳ ನಡುವೆ ತುಂಬಿಕೊಂಡಿರುವುದಕ್ಕೆ ಮಾತೃಕೆ ಎನ್ನುತ್ತಾರೆ. ಅದರಲ್ಲಿ ಎರಡು ಭಾಗ: ನಾರುಗಳು, ಮತ್ತು ಅವುಗಳ ನಡುವಿನ ನೀರಾದ ಅಂಟು.

ಸಂಯೋಜಕ ಅಂಗಾಂಶದ ಗುಣ ನಿರ್ಧಾರವಾಗುವುದು ಬಹುಮಟ್ಟಿಗೆ ಈ ಮಾತೃಕೆಯಿಂದ. ಅದರಲ್ಲಿ ಕ್ಯಾಲ್ಸಿಯಂ ಲವಣ ತುಂಬಿದರೆ ಮೂಳೆ, ನೀರು ಹಿಡಿದಿಟ್ಟುಕೊಳ್ಳುವ ಅಂಟು ತುಂಬಿದರೆ ಮೃದ್ವಸ್ಥಿ, ನಾರು ಒತ್ತೊತ್ತಾಗಿ ಒಂದೇ ದಿಕ್ಕಿಗೆ ಸಾಲುಗಟ್ಟಿದರೆ ಸ್ನಾಯುರಜ್ಜು. ರಕ್ತದ ವಿಷಯದಲ್ಲಿ ಮಾತ್ರ ಈ ಲೆಕ್ಕವನ್ನು ಸ್ವಲ್ಪ ಎಳೆದು ಕೂರಿಸಿದ ಹಾಗೆ ನನಗೆ ಕಾಣುತ್ತದೆ. ಅದರ ದ್ರವಭಾಗವಾದ ಪ್ಲಾಸ್ಮಾವನ್ನು ರಕ್ತಕಣಗಳು ತಯಾರಿಸುವುದಿಲ್ಲ, ಅದರ ಪ್ರೋಟೀನುಗಳು ಹೆಚ್ಚಾಗಿ ಯಕೃತ್ತಿನಿಂದ ಬರುತ್ತವೆ. ನಾರು ಕೂಡ ಮಾಮೂಲಿಯಾಗಿ ಕಾಣಿಸುವುದಿಲ್ಲ. ಗಾಯವಾಗಿ ರಕ್ತ ಹೆಪ್ಪುಗಟ್ಟುವಾಗ ಮಾತ್ರ ಫೈಬ್ರಿನ್ ಎಂಬ ಎಳೆಗಳು ಮೂಡುತ್ತವೆ. ಹಾಗಿದ್ದರೂ ರಕ್ತವನ್ನು ಈ ಕುಟುಂಬದಿಂದ ಹೊರಹಾಕಿಲ್ಲ, ಕಾರಣ ಹುಟ್ಟು. ಭ್ರೂಣದಲ್ಲಿ ಮೀಸೆನ್‌ಕೈಮ್ ಎಂಬ ಸಡಿಲ ಅಂಗಾಂಶವಿರುತ್ತದೆ; ಮೂಳೆ, ಕೊಬ್ಬು, ಮೃದ್ವಸ್ಥಿ, ರಕ್ತ ಎಲ್ಲದರ ಮೂಲವೂ ಅಲ್ಲಿಗೇ ಹೋಗುತ್ತದೆ.

ಕೊಲಾಜನ್ ಎಂಬ ಮೂರೆಳೆಯ ಹುರಿ

ನಾರುಗಳಲ್ಲಿ ಮೂರು ಬಗೆ: ಕೊಲಾಜನ್, ಇಲಾಸ್ಟಿನ್, ರೆಟಿಕ್ಯುಲರ್. ಮೂರಕ್ಕೂ ಸಮಪಾಲು ಮಾತು ಖರ್ಚು ಮಾಡುವುದು ನ್ಯಾಯವಲ್ಲ, ಯಾಕೆಂದರೆ ಕೊಲಾಜನ್ ಉಳಿದೆರಡಕ್ಕಿಂತ ಬಹಳ ದೊಡ್ಡ ಪಾಲಿನದು. ನಮ್ಮ ದೇಹದ ಒಟ್ಟು ಪ್ರೋಟೀನಿನಲ್ಲಿ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಇದೊಂದೇ ಇದೆ. ಈವರೆಗೆ 28 ಬಗೆಯ ಕೊಲಾಜನ್ ಗುರುತಿಸಲಾಗಿದೆ. ಮೂಳೆ, ಚರ್ಮ, ಸ್ನಾಯುರಜ್ಜುಗಳಲ್ಲಿರುವುದು ಮೊದಲನೆಯ ಬಗೆ, ಮೃದ್ವಸ್ಥಿಯಲ್ಲಿ ಎರಡನೆಯದು.

ಇದರ ಅಣು ಮೂರು ಎಳೆಗಳನ್ನು ಹೊಸೆದ ಹುರಿಯ ಹಾಗಿರುತ್ತದೆ. ಪ್ರತಿ ಎಳೆಯಲ್ಲೂ ಸುಮಾರು ಸಾವಿರ ಅಮೈನೋ ಆಮ್ಲಗಳು ಸಾಲಾಗಿರುತ್ತವೆ, ಪ್ರತಿ ಮೂರನೆಯದು ಗ್ಲೈಸೀನ್. ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು ಗ್ಲೈಸೀನ್. ಮೂರು ಎಳೆಗಳು ಸುತ್ತಿಕೊಂಡಾಗ ನಡುಮಧ್ಯದಲ್ಲಿ ಉಳಿಯುವ ಜಾಗ ಎಷ್ಟು ಕಿರಿದೆಂದರೆ ಅದಕ್ಕಿಂತ ದೊಡ್ಡದು ಅಲ್ಲಿ ಹಿಡಿಸುವುದಿಲ್ಲ. ವಂಶವಾಹಿಯಲ್ಲಿ ಒಂದು ಅಕ್ಷರ ತಪ್ಪಿ, ಒಂದೇ ಒಂದು ಗ್ಲೈಸೀನ್ ಇರಬೇಕಾದ ಕಡೆ ಬೇರೆಯದು ಕೂತರೂ ಹುರಿ ಸರಿಯಾಗಿ ಸುತ್ತಿಕೊಳ್ಳುವುದಿಲ್ಲ. ಸಣ್ಣಪುಟ್ಟ ಪೆಟ್ಟಿಗೂ ಮೂಳೆ ಮುರಿಯುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಕಾಯಿಲೆ ಬಹಳಷ್ಟು ಸಲ ಬರುವುದು ಹೀಗೆಯೇ. ಆ ಮಕ್ಕಳ ಮೂಳೆಯಲ್ಲಿ ದೋಷವಿರುವುದು ಕ್ಯಾಲ್ಸಿಯಂನಲ್ಲಲ್ಲ, ಅದು ಕೂರಬೇಕಾದ ನಾರಿನಲ್ಲಿ.

ಮೂರೆಳೆಯ ಈ ರಚನೆಯನ್ನು 1954ರಲ್ಲಿ ಪ್ರಕಟಿಸಿದವರು ಮದ್ರಾಸ್ ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಅವರು ಕ್ಷಕಿರಣ ಹಾಯಿಸಿ ನೋಡಿದ್ದು ಕಾಂಗರೂ ಬಾಲದ ಸ್ನಾಯುರಜ್ಜುವನ್ನು. ಅದರಲ್ಲಿ ಕೊಲಾಜನ್ ಒಂದೇ ದಿಕ್ಕಿಗೆ ನೇರವಾಗಿ ಸಾಲುಗಟ್ಟಿರುವುದರಿಂದ ಕ್ಷಕಿರಣದ ಚಿತ್ರ ಸ್ಪಷ್ಟವಾಗಿ ಬೀಳುತ್ತದೆ.

ಕೊಲಾಜನ್ ತಯಾರಾಗುವ ಬಗೆಯಲ್ಲೊಂದು ಜಾಣತನವಿದೆ. ಹುರಿ ಹೊಸೆಯುವುದು ಜೀವಕೋಶದ ಒಳಗೆ. ಆದರೆ ಅಲ್ಲೇ ಅವು ಒಂದಕ್ಕೊಂದು ಸೇರಿ ದಪ್ಪ ನಾರಾಗಿಬಿಟ್ಟರೆ ಕೋಶದ ಕಥೆ ಮುಗಿಯಿತು. ಅದಕ್ಕೇ ಪ್ರತಿ ಹುರಿಯ ಎರಡೂ ತುದಿಗೆ ಒಂದೊಂದು ಹೆಚ್ಚುವರಿ ತುಣುಕು ಇರುತ್ತದೆ. ಅದಿರುವ ತನಕ ಹುರಿಗಳು ಒಂದಕ್ಕೊಂದು ಜೋಡಿಕೊಳ್ಳಲಾರವು. ಹುರಿ ಹೊರಗೆ ಬರುವಾಗ ಕಿಣ್ವಗಳು ಆ ತುಣುಕುಗಳನ್ನು ಕತ್ತರಿಸುತ್ತವೆ. ಆಮೇಲೆ ಸುಮಾರು 300 ನ್ಯಾನೋಮೀಟರ್ ಉದ್ದದ ಈ ಹುರಿಗಳು ಒಂದರ ಪಕ್ಕ ಒಂದು, ಸ್ವಲ್ಪ ಸ್ವಲ್ಪ ಸರಿದು, ತಾವಾಗಿಯೇ ಜೋಡಿಕೊಳ್ಳುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಾರಿನುದ್ದಕ್ಕೂ 67 ನ್ಯಾನೋಮೀಟರಿಗೊಂದರಂತೆ ಪಟ್ಟೆ ಕಾಣುವುದು ಈ ಸರಿದ ಜೋಡಣೆಯಿಂದ. ಕೊನೆಗೆ ತಾಮ್ರವನ್ನು ಬಳಸುವ ಇನ್ನೊಂದು ಕಿಣ್ವ ಹುರಿಯಿಂದ ಹುರಿಗೆ ಅಡ್ಡಕೊಂಡಿ ಹಾಕಿ ಬಿಗಿಮಾಡುತ್ತದೆ.

ಇದೆಲ್ಲಕ್ಕೂ ಮೊದಲು, ಕೋಶದೊಳಗೆ ಇರುವಾಗಲೇ, ವಿಟಮಿನ್ ಸಿ ಬೇಕಾಗುವ ಒಂದು ಹಂತವಿದೆ. ಎಳೆಯಲ್ಲಿರುವ ಪ್ರೋಲೀನ್ ಎಂಬ ಅಮೈನೋ ಆಮ್ಲಕ್ಕೆ ಒಂದು ಆಕ್ಸಿಜನ್ ಸೇರಿಸುವ ಕಿಣ್ವಕ್ಕೆ ವಿಟಮಿನ್ ಸಿ ಇಲ್ಲದೆ ಕೆಲಸ ಸಾಗುವುದಿಲ್ಲ. ಒಂದು ಆಕ್ಸಿಜನ್ ಹೆಚ್ಚುಕಡಿಮೆಯಾದರೆ ಏನಾಗುತ್ತದೆ ಅಂತ ಕೇಳಬಹುದು. ಆ ಆಕ್ಸಿಜನ್ ಇಲ್ಲದ ಹುರಿ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೇ ಬಿಚ್ಚಿಕೊಳ್ಳುತ್ತದೆ. ನಮ್ಮ ದೇಹದ ಉಷ್ಣತೆ 37 ಡಿಗ್ರಿ. ಅಂದರೆ ಅಂಥ ಕೊಲಾಜನ್ ನಮ್ಮೊಳಗೆ ನಿಲ್ಲುವುದೇ ಇಲ್ಲ.

ಸ್ಕರ್ವಿ ಎಂಬ ಕಾಯಿಲೆಯ ಬುಡ ಇದೇ. 1740ರಲ್ಲಿ ಇಂಗ್ಲೆಂಡಿನಿಂದ ಜಾರ್ಜ್ ಆನ್ಸನ್ ಎಂಬ ನೌಕಾಧಿಕಾರಿ ಹಡಗುಗಳ ಪಡೆಯೊಂದಿಗೆ ಹೊರಟು ಭೂಮಿ ಸುತ್ತಿಬಂದ. ದಾರಿಯಲ್ಲಿ ಅವನ ನಾವಿಕರು ಸ್ಕರ್ವಿಯಿಂದ ಗುಂಪುಗುಂಪಾಗಿ ಸತ್ತರು. ಆ ಯಾನದ ದಾಖಲೆಯಲ್ಲಿ ಬರುವ ಒಬ್ಬ ಮುದುಕನ ವಿಷಯ ಓದಿದರೆ ಮರೆಯಲಾಗುವುದಿಲ್ಲ. ಅವನು 1690ರಲ್ಲಿ ಐರ್ಲೆಂಡಿನ ಬಾಯ್ನ್ ಕದನದಲ್ಲಿ ಗಾಯಗೊಂಡು, ಬೇಗನೆ ವಾಸಿಯಾಗಿ, ಐವತ್ತು ವರ್ಷ ಆರಾಮಾಗಿದ್ದವನು. ಹಡಗಿನಲ್ಲಿ ಸ್ಕರ್ವಿ ಹತ್ತಿದ ಮೇಲೆ ಅವನ ಹಳೆಯ ಗಾಯಗಳು ಎಂದೂ ವಾಸಿಯೇ ಆಗಿರಲಿಲ್ಲವೇನೋ ಎಂಬಂತೆ ಮತ್ತೆ ಬಾಯಿಬಿಟ್ಟವು. ಅಷ್ಟೇ ಅಲ್ಲ, ಹಿಂದೆಂದೋ ಮುರಿದು ಕೂಡಿಕೊಂಡಿದ್ದ ಮೂಳೆಯೂ ಬಿಟ್ಟುಕೊಂಡಿತು.

ಗಾಯದ ಕಲೆ ಒಮ್ಮೆ ಮೂಡಿದರೆ ಸತ್ತ ವಸ್ತುವಿನ ಹಾಗೆ ಬಿದ್ದಿರುತ್ತದೆ ಎಂದು ನಾವು ಅಂದುಕೊಳ್ಳುತ್ತೇವಲ್ಲ, ಅದು ನಿಜವಲ್ಲ ಎಂಬುದಕ್ಕೆ ಈ ಮುದುಕನೇ ಸಾಕ್ಷಿ. ಕಲೆಯಲ್ಲಿರುವ ಕೊಲಾಜನ್ ಒಂದು ಕಡೆ ಕರಗುತ್ತಲೇ ಇರುತ್ತದೆ, ಇನ್ನೊಂದು ಕಡೆ ಹೊಸದು ಬರುತ್ತಲೇ ಇರುತ್ತದೆ. ಹೊಸದು ಬರುವುದು ನಿಂತರೆ, ಐವತ್ತು ವರ್ಷ ಹಳೆಯ ಹೊಲಿಗೆಯೂ ಬಿಚ್ಚುತ್ತದೆ.

ಇಲ್ಲಿ ಕೊಲಾಜನ್ ಪುಡಿಯ ಬಗ್ಗೆ ಒಂದು ಮಾತು. ಕುಡಿದ ಕೊಲಾಜನ್ ನೇರವಾಗಿ ಕೆನ್ನೆಗೆ ಹೋಗಿ ಕೂರುತ್ತದೆ ಎಂಬ ಧಾಟಿಯ ಜಾಹೀರಾತುಗಳನ್ನು ನಂಬಬೇಡಿ. ಬೇರೆ ಯಾವುದೇ ಪ್ರೋಟೀನಿನಂತೆ ಅದೂ ಹೊಟ್ಟೆಯಲ್ಲಿ ಅಮೈನೋ ಆಮ್ಲಗಳಾಗಿ, ಚಿಕ್ಕ ತುಣುಕುಗಳಾಗಿ ಒಡೆಯುತ್ತದೆ. ಚರ್ಮದ ಹುರಿಯನ್ನು ಚರ್ಮದ ಕೋಶವೇ ಹೊಸೆಯಬೇಕು.

ಒಂದೇ ನಾರು, ಎರಡು ಜೋಡಣೆ

ಕನ್ನಡಿಯ ಮುಂದೆ ನಿಂತು ನಿಮ್ಮ ಕಣ್ಣನ್ನೇ ಒಮ್ಮೆ ನೋಡಿಕೊಳ್ಳಿ. ಕರಿಗುಡ್ಡೆಯ ಮುಂದಿರುವ ಕಾರ್ನಿಯಾ ಗಾಜಿನಷ್ಟು ಪಾರದರ್ಶಕ. ಅದು ಇದೆ ಎಂಬುದೇ ಗೊತ್ತಾಗುವುದಿಲ್ಲ. ಅದರ ಸುತ್ತಲಿನ ಭಾಗ ಅಚ್ಚ ಬಿಳಿ. ಎರಡೂ ಮುಖ್ಯವಾಗಿ ಮೊದಲನೆಯ ಬಗೆಯ ಕೊಲಾಜನ್ನಿನಿಂದ ಆದವು. ವ್ಯತ್ಯಾಸವಿರುವುದು ಜೋಡಣೆಯಲ್ಲಿ. ಕಾರ್ನಿಯಾದಲ್ಲಿ ನಾರುಗಳೆಲ್ಲ ಹೆಚ್ಚುಕಡಿಮೆ ಒಂದೇ ದಪ್ಪ, ಸುಮಾರು 30 ನ್ಯಾನೋಮೀಟರ್, ಮತ್ತು ಒಂದರಿಂದ ಒಂದು ಸಮಾನ ದೂರದಲ್ಲಿರುತ್ತವೆ. ಹಾಗಾಗಿ ಅವು ಅಡ್ಡಡ್ಡ ಚದುರಿಸುವ ಬೆಳಕು ಪರಸ್ಪರ ರದ್ದಾಗಿ, ಮುಂದಕ್ಕೆ ಹೋಗುವ ಬೆಳಕು ಮಾತ್ರ ಉಳಿಯುತ್ತದೆ. ಬಿಳಿಭಾಗದಲ್ಲಿ ದಪ್ಪ ನಾರು, ಸಣ್ಣ ನಾರು ಎಲ್ಲ ಕಲಸಿಕೊಂಡು ಅಡ್ಡಾದಿಡ್ಡಿ ಹೆಣೆದಿರುತ್ತವೆ, ಬೆಳಕು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಕಾರ್ನಿಯಾಕ್ಕೆ ನೀರು ತುಂಬಿ ಊದಿಕೊಂಡರೆ ನಾರುಗಳ ನಡುವಿನ ದೂರ ಕೆಡುತ್ತದೆ, ದೃಷ್ಟಿ ಮಂಜಾಗುತ್ತದೆ.

ಇಲಾಸ್ಟಿನ್ ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುವ ನಾರು. ಮಹಾಪಧಮನಿಯ ಗೋಡೆಯಲ್ಲಿ, ಶ್ವಾಸಕೋಶದಲ್ಲಿ, ಚರ್ಮದಲ್ಲಿ, ಹೊರಕಿವಿಯ ಮೃದ್ವಸ್ಥಿಯಲ್ಲಿ ಇದು ಧಾರಾಳವಾಗಿದೆ. ಹೃದಯ ಒತ್ತಿದಾಗ ಮಹಾಪಧಮನಿ ಹಿಗ್ಗುತ್ತದೆ, ಹೃದಯ ಸಡಿಲವಾದಾಗ ಅದು ಕುಗ್ಗಿ ರಕ್ತವನ್ನು ಮುಂದೆ ತಳ್ಳುತ್ತದೆ. ಎರಡು ಬಡಿತಗಳ ನಡುವೆಯೂ ರಕ್ತದ ಹರಿವು ನಿಲ್ಲದಿರುವುದು ಇದರಿಂದಲೇ. ದೇಹ ಇಲಾಸ್ಟಿನ್ ತಯಾರಿಸುವುದು ಹೆಚ್ಚಾಗಿ ಹುಟ್ಟುವ ಮೊದಲು ಮತ್ತು ಬಾಲ್ಯದಲ್ಲಿ. ಆಮೇಲೆ ಇರುವುದರಲ್ಲೇ ಜೀವನ. ಬಿಸಿಲಿಗೆ ಹಾಳಾದ ಚರ್ಮ ಜೋತುಬಿದ್ದರೆ ಹಳೆಯ ಬಿಗಿ ತಾನಾಗಿ ಮರಳದಿರುವುದಕ್ಕೆ ಇದೂ ಒಂದು ಕಾರಣ.

ಇಲಾಸ್ಟಿನ್ ನಾರು ಕಟ್ಟಿಕೊಳ್ಳಲು ಫಿಬ್ರಿಲಿನ್ ಎಂಬ ಇನ್ನೊಂದು ಪ್ರೋಟೀನಿನ ಚೌಕಟ್ಟು ಬೇಕು. ಅದರ ವಂಶವಾಹಿಯಲ್ಲಿ ದೋಷವಿದ್ದರೆ ಮಾರ್ಫನ್ ಸಿಂಡ್ರೋಮ್ ಬರುತ್ತದೆ: ಉದ್ದನೆಯ ಕೈಕಾಲು, ಉದ್ದ ಬೆರಳು, ಜಾರುವ ಕಣ್ಣಿನ ಮಸೂರ. ಅಪಾಯ ಇರುವುದು ಒಳಗೆ, ನಿಧಾನವಾಗಿ ಅಗಲವಾಗುತ್ತ ಹೋಗಿ ಸೀಳಬಹುದಾದ ಮಹಾಪಧಮನಿಯಲ್ಲಿ. ಹಾಗಾಗಿಯೇ ಇಂಥವರಿಗೆ ಆಗಾಗ ಹೃದಯದ ಎಕೋ ಪರೀಕ್ಷೆ ಮಾಡಿಸುತ್ತಾರೆ.

ಇನ್ನು ರೆಟಿಕ್ಯುಲರ್ ನಾರು. ಇದೂ ಕೊಲಾಜನ್ನೇ, ಮೂರನೆಯ ಬಗೆ. ಗುಲ್ಮ, ದುಗ್ಧಗ್ರಂಥಿ, ಅಸ್ಥಿಮಜ್ಜೆಗಳಲ್ಲಿ ಬಲು ಸಣ್ಣ ಜಾಲವಾಗಿ ಹರಡಿ ಅಲ್ಲಿನ ಕೋಶಗಳಿಗೆ ಆಸರೆ ಕೊಡುತ್ತದೆ. ಬೆಳ್ಳಿಯ ಲವಣದಿಂದ ಬಣ್ಣ ಹಾಕಿದರೆ ಕಪ್ಪಗೆ ಎದ್ದು ಕಾಣುತ್ತದೆ.

ನಾರುಗಳ ನಡುವಿನ ಅಂಟು

ನಾರಿನ ನಡುವಿನ ಜಾಗವನ್ನು ತುಂಬುವುದು ಸಕ್ಕರೆಯ ಉದ್ದ ಸರಪಳಿಗಳು. ಹಯಾಲುರೋನಿಕ್ ಆಮ್ಲ ಅವುಗಳಲ್ಲಿ ಹೆಸರುವಾಸಿ. ಈ ಸರಪಳಿಗಳ ಮೈತುಂಬ ಋಣ ವಿದ್ಯುದಂಶ. ಅದು ಸೋಡಿಯಂ ಅಯಾನುಗಳನ್ನು ಎಳೆದುಕೊಳ್ಳುತ್ತದೆ, ಸೋಡಿಯಂ ಹಿಂದೆ ನೀರು ಬರುತ್ತದೆ. ಮಂಡಿಯ ಮೃದ್ವಸ್ಥಿಯ ತೂಕದಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ನೀರೇ. ಆ ನೀರು ಹೊರಕ್ಕೆ ಒತ್ತುತ್ತದೆ, ಕೊಲಾಜನ್ ಜಾಲ ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಈ ಎರಡರ ಎಳೆದಾಟದಿಂದಲೇ ಮೃದ್ವಸ್ಥಿ ಮೈಭಾರ ತಡೆದುಕೊಳ್ಳುವುದು. ಅದರೊಳಗೆ ರಕ್ತನಾಳವಿಲ್ಲ. ಕಾಲೂರಿದಾಗ ಸ್ವಲ್ಪ ದ್ರವ ಹೊರಹೋಗುತ್ತದೆ, ಎತ್ತಿದಾಗ ಒಳಬರುತ್ತದೆ. ಒಳಗಿನ ಕೋಶಗಳಿಗೆ ಆಹಾರ ಸಿಗುವುದು ಹೀಗೆ ದ್ರವದ ಮೂಲಕ ಮಾತ್ರ. ಮೃದ್ವಸ್ಥಿ ಒಮ್ಮೆ ಸವೆದರೆ ಸುಲಭವಾಗಿ ತುಂಬಿಕೊಳ್ಳದಿರುವುದಕ್ಕೂ ಇದೇ ಕಾರಣ.

ಒಳಚರ್ಮದಲ್ಲಿ ಈ ಅಂಟು ಇನ್ನೊಂದು ಕೆಲಸ ಮಾಡುತ್ತದೆ: ರೋಗಾಣುಗಳು ಹರಡುವುದಕ್ಕೆ ಅಡ್ಡಿ. ಆದರೆ ಕೆಲವು ಸ್ಟ್ರೆಪ್ಟೋಕಾಕಸ್, ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾಗಳು ಹಯಾಲುರೋನಿಕ್ ಆಮ್ಲವನ್ನೇ ಕತ್ತರಿಸುವ ಕಿಣ್ವ ಸುರಿಸಿ ದಾರಿ ಮಾಡಿಕೊಳ್ಳುತ್ತವೆ.

ಅಲ್ಲಿ ವಾಸಿಸುವ ಕೋಶಗಳು

ನಾರನ್ನೂ ಅಂಟನ್ನೂ ತಯಾರಿಸುವ ಮುಖ್ಯ ಕೋಶ ಫೈಬ್ರೋಬ್ಲಾಸ್ಟ್. ಇದು ಸುಮ್ಮನೆ ತಯಾರಿಸಿ ಕೂರುವುದಿಲ್ಲ, ಸುತ್ತಲಿನ ನಾರನ್ನು ಹಿಡಿದೆಳೆದು ಬಿಗಿ ಎಷ್ಟಿದೆ ಎಂದು ನೋಡುತ್ತಿರುತ್ತದೆ, ಅದಕ್ಕೆ ತಕ್ಕಂತೆ ಹೆಚ್ಚೋ ಕಡಿಮೆಯೋ ತಯಾರಿಸುತ್ತದೆ. ಮೃದ್ವಸ್ಥಿಯಲ್ಲಿ ಇದೇ ಕೆಲಸಕ್ಕೆ ಕಾಂಡ್ರೋಸೈಟ್, ಮೂಳೆಯಲ್ಲಿ ಆಸ್ಟಿಯೋಬ್ಲಾಸ್ಟ್.

ಮಾಸ್ಟ್ ಕೋಶದ ಕೆಲಸವನ್ನು ನಿಮ್ಮ ಮುಂಗೈಯಲ್ಲೇ ನೋಡಬಹುದು. ಉಗುರಿನಿಂದ ಒಳಭಾಗದ ಮೇಲೆ ಒತ್ತಿ ಒಂದು ಗೆರೆ ಎಳೆಯಿರಿ, ಚರ್ಮ ಕೀಳಬಾರದು. ಸ್ವಲ್ಪ ಹೊತ್ತಿಗೆ ಗೆರೆ ಕೆಂಪಾಗುತ್ತದೆ. ಆಮೇಲೆ ಕೆಂಪು ಆಚೀಚೆ ಹರಡುತ್ತದೆ. ಒತ್ತಡ ಸಾಕಷ್ಟಿದ್ದರೆ ಒಂದೆರಡು ನಿಮಿಷದಲ್ಲಿ ಗೆರೆ ಉಬ್ಬಿ ನಿಲ್ಲುತ್ತದೆ. ಕೆಲವರಿಗೆ ಬರೆದ ಅಕ್ಷರ ಓದುವಷ್ಟು ಉಬ್ಬುತ್ತದೆ. ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ 1920ರ ದಶಕದಲ್ಲಿ ಈ ಮೂರು ಹಂತಗಳನ್ನು ವಿವರವಾಗಿ ಬರೆದಿಟ್ಟರು. ಚರ್ಮದ ಚಿಕ್ಕ ರಕ್ತನಾಳಗಳ ಪಕ್ಕದಲ್ಲೇ ಮಾಸ್ಟ್ ಕೋಶಗಳು ಹಿಸ್ಟಮಿನ್ ತುಂಬಿದ ಕಾಳುಗಳನ್ನಿಟ್ಟುಕೊಂಡು ಕೂತಿರುತ್ತವೆ. ಪೆಟ್ಟೋ ಅಲರ್ಜಿಯೋ ತಾಗಿದರೆ ಅದನ್ನು ಹೊರಚೆಲ್ಲುತ್ತವೆ. ನಾಳ ಹಿಗ್ಗುತ್ತದೆ, ಗೋಡೆ ಸೋರುತ್ತದೆ, ಸೋರಿದ ದ್ರವವನ್ನು ಮಾತೃಕೆ ಹಿಡಿದುಕೊಳ್ಳುತ್ತದೆ. ಉಬ್ಬು ಅಂದರೆ ಇಷ್ಟೇ.

ಮ್ಯಾಕ್ರೋಫೇಜ್ ಕಸ ನುಂಗುವ ಕೋಶ. ಹಚ್ಚೆ ಅಳಿಯದೆ ಉಳಿಯುವುದರ ಗುಟ್ಟು ಇದರ ಹತ್ತಿರವಿದೆ. ಹೊರಚರ್ಮದ ಕೋಶಗಳು ಉದುರಿ ಹೊಸದು ಬರಲು ಒಂದೆರಡು ತಿಂಗಳು ಸಾಕು, ಹಚ್ಚೆ ಮಾತ್ರ ಸಾಯುವ ತನಕ ಇರುತ್ತದೆ. ಸೂಜಿ ಬಣ್ಣವನ್ನು ಬಿಡುವುದು ಒಳಚರ್ಮದಲ್ಲಿ. ಅಲ್ಲಿನ ಮ್ಯಾಕ್ರೋಫೇಜ್‌ಗಳು ಅದನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಒಂದು ಕೋಶ ಸತ್ತರೆ ಬಣ್ಣ ಹೊರಬೀಳುತ್ತದೆ, ಅಲ್ಲಿಗೆ ಬಂದ ಹೊಸ ಕೋಶ ಅದನ್ನೇ ನುಂಗುತ್ತದೆ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳ ಬಾಲಕ್ಕೆ ಹಚ್ಚೆ ಹಾಕಿ, ಬಣ್ಣ ನುಂಗಿದ ಕೋಶಗಳನ್ನೆಲ್ಲ ಕೊಂದು ನೋಡಿದರು. ಹಚ್ಚೆ ಇದ್ದ ಹಾಗೇ ಇತ್ತು.

ಕೊಬ್ಬಿನ ಕೋಶಗಳ ಬಗ್ಗೆ ಚಿಕ್ಕದಾಗಿ: ಮಾತೃಕೆಯೇ ಹೆಚ್ಚು ಎಂಬ ನಿಯಮ ಇಲ್ಲಿ ತಲೆಕೆಳಗು, ಕೋಶಗಳೇ ಒತ್ತೊತ್ತಾಗಿರುತ್ತವೆ. ಅವು ಬರೀ ಗೋದಾಮೂ ಅಲ್ಲ. ಹಸಿವನ್ನು ತಗ್ಗಿಸುವ ಲೆಪ್ಟಿನ್ ಎಂಬ ಹಾರ್ಮೋನು ಅವುಗಳಿಂದ ಬರುತ್ತದೆ ಎಂದು 1994ರಲ್ಲಿ ಗೊತ್ತಾಯಿತು.

ಮೂಳೆಯ ವಿಷಯಕ್ಕೆ ಬಂದರೆ, ಅದರ ತೂಕದಲ್ಲಿ ಮೂರನೇ ಎರಡು ಭಾಗ ಖನಿಜ, ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜನ್ ಮತ್ತು ನೀರು. ಕೋಳಿಯ ಸಣ್ಣ ಮೂಳೆಯೊಂದನ್ನು ವಿನೆಗರಿನಲ್ಲಿ ಕೆಲವು ದಿನ ನೆನೆಹಾಕಿದರೆ ಖನಿಜ ಕರಗಿಹೋಗುತ್ತದೆ. ಆಕಾರ ಹಾಗೇ ಇರುತ್ತದೆ, ಆದರೆ ಬೆರಳಿನಲ್ಲಿ ಬಗ್ಗಿಸಬಹುದು. ಬದಲಿಗೆ ಮೂಳೆಯನ್ನು ಬೆಂಕಿಯಲ್ಲಿ ಸುಟ್ಟರೆ ಕೊಲಾಜನ್ ಹೋಗಿ ಖನಿಜ ಉಳಿಯುತ್ತದೆ. ಆಗಲೂ ಆಕಾರ ಅದೇ, ಮುಟ್ಟಿದರೆ ಪುಡಿ. ಮೂಳೆಯನ್ನು ಕಟ್ಟುವ ಕೋಶಗಳೂ ಕರಗಿಸುವ ಕೋಶಗಳೂ ಬದುಕಿಡೀ ದುಡಿಯುತ್ತಿರುತ್ತವೆ. ಭಾರವೇ ಬೀಳದಿದ್ದರೆ ಕರಗಿಸುವವರ ಕೈ ಮೇಲಾಗುತ್ತದೆ. ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸವೆಯುತ್ತದೆ.

ಕೆಲವು ಹೊಸದಾಗುತ್ತವೆ, ಕೆಲವು ಆಗುವುದೇ ಇಲ್ಲ

ಗಾಯದ ಕಲೆಯಲ್ಲಿ, ವಸಡಿನಲ್ಲಿ, ಮೂಳೆಯಲ್ಲಿ ಕೊಲಾಜನ್ ಬದಲಾಗುತ್ತಿರುತ್ತದೆ ಅಂದಮಾತ್ರಕ್ಕೆ ಎಲ್ಲ ಕಡೆಯೂ ಹಾಗೇ ಎಂದುಕೊಳ್ಳುವಂತಿಲ್ಲ. ಚರ್ಮದ ಕೊಲಾಜನ್ನಿನ ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧದಷ್ಟು ಬದಲಾಗಲು ಬೇಕಾದ ಕಾಲ, ಸುಮಾರು 15 ವರ್ಷ. ಕೀಲಿನ ಮೃದ್ವಸ್ಥಿಯಲ್ಲಿ ಅದು ನೂರು ವರ್ಷವನ್ನೂ ದಾಟುತ್ತದೆ.

ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಸ್ನಾಯುರಜ್ಜುವಿನ ವಯಸ್ಸು ಕಂಡುಹಿಡಿಯಲು ನೆರವಾದದ್ದು ಅಣುಬಾಂಬು. 1950ರ ದಶಕದಿಂದ 1963ರವರೆಗೆ ತೆರೆದ ಬಯಲಿನಲ್ಲಿ ನಡೆದ ಅಣ್ವಸ್ತ್ರ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲದ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆಮೇಲೆ ವರ್ಷವರ್ಷಕ್ಕೂ ಇಳಿಯುತ್ತ ಬಂತು. ಅದು ಗಿಡಗಳ ಮೂಲಕ ಆಹಾರಕ್ಕೂ ಆಹಾರದಿಂದ ದೇಹಕ್ಕೂ ಬಂತು. ಹಾಗಾಗಿ ಒಂದು ಅಂಗಾಂಶದಲ್ಲಿ ಕಾರ್ಬನ್-14 ಎಷ್ಟಿದೆ ಎಂದು ಅಳೆದರೆ ಅದು ಯಾವ ಕಾಲದಲ್ಲಿ ತಯಾರಾಯಿತು ಎಂದು ಹೇಳಬಹುದು. 2013ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಹೀಗೆ ಅಳೆದಾಗ, ಈ ಸ್ನಾಯುರಜ್ಜುವಿನ ತಿರುಳು ಸುಮಾರು 17ನೇ ವಯಸ್ಸಿನೊಳಗೆ ರೂಪುಗೊಂಡದ್ದು, ಆನಂತರ ಬಹುತೇಕ ಬದಲಾಗಿಯೇ ಇಲ್ಲ ಎಂದು ತಿಳಿಯಿತು. ಅರವತ್ತರ ಮುದುಕನೂ ಓಡುವುದು ಹದಿಹರೆಯದಲ್ಲಿ ಹೊಸೆದ ನಾರಿನ ಮೇಲೆಯೇ.

ತೇಪೆ ಹಾಕುವ ಕೆಲಸ ಮತ್ತು ಅದು ನಿಲ್ಲದಿದ್ದಾಗ

ಚರ್ಮ ಆಳವಾಗಿ ಸೀಳಿದಾಗ ಮೊದಲು ಫೈಬ್ರಿನ್ ಹೆಪ್ಪು ರಕ್ತ ನಿಲ್ಲಿಸುತ್ತದೆ. ಮ್ಯಾಕ್ರೋಫೇಜ್‌ಗಳು ಬಂದು ಸತ್ತದ್ದನ್ನು ತೆಗೆಯುತ್ತವೆ. ಅವುಗಳ ಸಂಕೇತಕ್ಕೆ ಓಗೊಟ್ಟು ಫೈಬ್ರೋಬ್ಲಾಸ್ಟ್‌ಗಳು ಗಾಯದೊಳಗೆ ಸರಿದು, ಅವಸರಕ್ಕೆ ಮೂರನೆಯ ಬಗೆಯ ತೆಳು ಕೊಲಾಜನ್ ಹಾಸುತ್ತವೆ. ಅವುಗಳಲ್ಲಿ ಕೆಲವು ಸ್ನಾಯುಕೋಶದ ಹಾಗೆ ಸಂಕುಚಿಸುವ ಶಕ್ತಿ ಪಡೆದು ಗಾಯದ ಅಂಚುಗಳನ್ನು ಹತ್ತಿರ ಎಳೆಯುತ್ತವೆ. ಇವು ಮಯೋಫೈಬ್ರೋಬ್ಲಾಸ್ಟ್‌ಗಳು. ಮುಂದಿನ ತಿಂಗಳುಗಳಲ್ಲಿ ತೆಳು ನಾರು ಹೋಗಿ ಮೊದಲನೆಯ ಬಗೆಯ ದಪ್ಪ ನಾರು ಬರುತ್ತದೆ. ಎಷ್ಟೇ ಚೆನ್ನಾಗಿ ವಾಸಿಯಾದರೂ ಕಲೆಯ ಬಲ ಮೂಲ ಚರ್ಮದ ಸುಮಾರು ಶೇ. 80ರ ಆಚೆ ಹೋಗುವುದಿಲ್ಲ. ಒಳಚರ್ಮದಲ್ಲಿ ಅಡ್ಡ ಉದ್ದ ಹೆಣೆದುಕೊಂಡಿದ್ದ ನಾರು ಕಲೆಯಲ್ಲಿ ಒಂದೇ ಕಡೆಗೆ ಮಲಗಿರುತ್ತದೆ; ಕೂದಲ ಬುಡವೂ ಬೆವರಿನ ಗ್ರಂಥಿಯೂ ಅಲ್ಲಿ ಮತ್ತೆ ಹುಟ್ಟುವುದಿಲ್ಲ.

ಗಾಯ ಮುಚ್ಚಿದ ಮೇಲೆ ಮಯೋಫೈಬ್ರೋಬ್ಲಾಸ್ಟ್‌ಗಳು ಸಾಯಬೇಕು. ಸಾಯದೆ ಉಳಿದು ಕೊಲಾಜನ್ ಸುರಿಯುತ್ತಲೇ ಹೋದರೆ ಅದೇ ಫೈಬ್ರೋಸಿಸ್. ಯಕೃತ್ತಿನಲ್ಲಿ ವಿಟಮಿನ್ ಎ ಕೂಡಿಟ್ಟುಕೊಂಡು ಸುಮ್ಮನಿರುವ ಸ್ಟೆಲೇಟ್ ಕೋಶಗಳು, ಮದ್ಯದಿಂದಲೋ ಹೆಪಟೈಟಿಸ್ ವೈರಸ್ಸಿನಿಂದಲೋ ಪೆಟ್ಟು ಬೀಳುತ್ತಲೇ ಇದ್ದರೆ ಈ ರೂಪಕ್ಕೆ ಬದಲಾಗುತ್ತವೆ. ನಾರು ಗಂಟುಗಟ್ಟಿ ಸಿರೋಸಿಸ್ ಆಗುವುದು ಆಗ. ಹೃದಯಾಘಾತದ ನಂತರ ಸತ್ತ ಸ್ನಾಯುವಿನ ಜಾಗದಲ್ಲೂ ಕೊಲಾಜನ್ ಬರುತ್ತದೆ. ಅದು ಬರದಿದ್ದರೆ ಹೃದಯದ ಗೋಡೆಯೇ ಒಡೆಯಬಹುದು, ಆದರೆ ಬಂದ ನಾರು ಸ್ನಾಯುವಿನಂತೆ ಬಡಿಯುವುದಿಲ್ಲ.

ಕಾರಣ ಏನೆಂದು ತಿಳಿಯದೆ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಒಂದು ಬಗೆಯ ಫೈಬ್ರೋಸಿಸ್‌ಗೆ 2014ರಲ್ಲಿ ಅಮೆರಿಕದಲ್ಲಿ ಪಿರ್ಫೆನಿಡೋನ್, ನಿಂಟೆಡಾನಿಬ್ ಎಂಬ ಎರಡು ಔಷಧಿಗಳಿಗೆ ಒಪ್ಪಿಗೆ ಸಿಕ್ಕಿತು. ಎರಡೂ ಹೊಸ ನಾರು ಸೇರುವ ವೇಗವನ್ನು ತಗ್ಗಿಸುತ್ತವೆ. ಈಗಾಗಲೇ ಕೂತಿರುವುದನ್ನು ತೆಗೆಯಲಾರವು. ಯಕೃತ್ತಿನ ವಿಷಯ ಅಷ್ಟು ಕೆಟ್ಟದಲ್ಲ. ಹೆಪಟೈಟಿಸ್ ಸಿ ವಾಸಿಯಾದವರಲ್ಲಿ, ಕುಡಿತ ಬಿಟ್ಟವರಲ್ಲಿ ಕೊಲಾಜನ್ ಕತ್ತರಿಸುವ ಕಿಣ್ವಗಳು ಕೆಲಸಕ್ಕಿಳಿದು, ಕಟ್ಟಿಕೊಂಡ ನಾರು ಎಷ್ಟೋ ಮಟ್ಟಿಗೆ ಕರಗಿದ್ದನ್ನು ಬಯಾಪ್ಸಿಗಳಲ್ಲಿ ಕಂಡಿದ್ದಾರೆ. ಹಳೆಯದಾಗಿ ಅಡ್ಡಕೊಂಡಿ ಬಿಗಿದುಕೊಂಡ ನಾರು ಮಾತ್ರ ಆ ಕಿಣ್ವಗಳಿಗೆ ಜಗ್ಗುವುದು ಕಡಿಮೆ.